ಹಳೆಯ ಮೋಟಾರು ಎಂಜಿನ್ನುಗಳ ನೀರು ಸೋರಿಕೆಯೂ ಅದನ್ನು ಮುಚ್ಚುವ ಔಷಧಿಗಳೂ

ಗ್ರಾಮಾಂತರಗಳಲ್ಲಿ ಅಂಬಾಸಡರ್ ಕಾರುಗಳೂ ಹಳೆಯ ಜೀಪುಗಳೂ ಅಲ್ಲಲ್ಲಿ ಈಗಲೂ ಕೆಲಸದಲ್ಲಿರುವುವು. ಫಸಲನ್ನು ಪೇಟೆಗೆ ಒಯ್ಯುವುದಕ್ಕೂ, ಅಕಾಲದಲ್ಲಿ ರೋಗಿಯನ್ನು ಆಸ್ಪತ್ರೆಗೆ ಸೇರಿಸುವುದಕ್ಕೂ ಎಷ್ಟೋ ಊರುಗಳಲ್ಲಿ ಇಂತಹ ಒಂದು ಗಾಡಿಯೇ ಆಧಾರವಾಗಿರುವುದುಂಟು. ಅಂಬಾಸಡರ್ ಕಾರಿನ ತಯಾರಿಕೆಯು 2014 ರಲ್ಲಿ ನಿಂತುಹೋದುದರಿಂದ, ಇರುವ ಗಾಡಿಗಳನ್ನು ಜೋಪಾನವಾಗಿ ಕಾಪಾಡಿಕೊಳ್ಳುವುದೊಂದೇ ಮಾರ್ಗ. ಹಳೆಯ ಎಂಜಿನ್ನುಗಳಲ್ಲಿ ಪದೇ ಪದೇ ಕಾಣುವ ದೋಷವೆಂದರೆ ನೀರು ಸೋರುವುದು. ದಾರಿಯಲ್ಲಿ ರೇಡಿಯೇಟರು ಸೋರಿದರೆ ಅದಕ್ಕೆ ಅರಿಸಿನದ ಪುಡಿಯನ್ನು ಸುರಿದು ಹೇಗೋ ಊರು ಸೇರುವ ಉಪಾಯವನ್ನು ನಮ್ಮ ಡ್ರೈವರುಗಳು ಚೆನ್ನಾಗಿ ಬಲ್ಲರು. ಪೇಟೆಯಲ್ಲಿ ಡಬ್ಬಿಗಳಲ್ಲಿ ಮಾರತಕ್ಕ ಔಷಧಿಗಳಲ್ಲಿ ಅನೇಕವು ಇದೇ ತತ್ತ್ವವನ್ನನುಸರಿಸಿದವು. ಇವು ಎಲ್ಲಿ ಗುಣವನ್ನು ಕೊಡುವುವು, ಎಲ್ಲಿ ಕೇಡನ್ನುಂಟುಮಾಡುವುವು ಎಂಬುದನ್ನರಿಯದೆ ಉಪಯೋಗಿಸಿದಲ್ಲಿ, ಅಲ್ಪ ಖರ್ಚನ್ನು ಉಳಿಸಹೋಗಿ ಎಂಜಿನ್ನನ್ನೇ ಕಳೆದುಕೊಳ್ಳಬೇಕಾದೀತು.

ನೀರಿನ ಕೆಲಸ

ಎಂಜಿನ್ನಿನಲ್ಲಿ ಉರಿಯುವ ಎಣ್ಣೆಯ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ನೀರು ಹೊತ್ತು ಹೊರಕ್ಕೆ ಸಾಗಿಸುವುದು. ಪಂಪು ಈ ನೀರನ್ನು ಸಿಲಿಂಡರುಗಳ ಸುತ್ತಲೂ ಹರಿಸಿ ರೇಡಿಯೇಟರಿಗೆ ಕಳುಹಿಸುವುದು; ಅಲ್ಲಿ ಸಣ್ಣ ಕೊಳವೆಗಳ ಮೂಲಕ ಇಳಿಯುತ್ತ ನೀರು ಗಾಳಿಗೆ ತಣಿಯುವುದು. ರೇಡಿಯೇಟರಿನ ಮುಚ್ಚಳವು ಒಳಗೆ ಒತ್ತಡವನ್ನು ಹಿಡಿದಿಡುವುದರಿಂದ ನೀರು 100 ಡಿಗ್ರಿ ಸೆಂಟಿಗ್ರೇಡಿಗೆ ಕುದಿಯದೆ ಇನ್ನೂ ಹೆಚ್ಚಿನ ಶಾಖವನ್ನು ತಡೆಯುವುದು. ಸೋರಿಕೆಯಿಂದ ನೀರೂ ಕಡಮೆಯಾಗುವುದು, ಒತ್ತಡವೂ ತಗ್ಗುವುದು. ಆಗ ನೀರು ಬೇಗನೆ ಕುದಿದು, ಸಿಲಿಂಡರಿನ ಹೆಡ್ಡು ಸೊಟ್ಟಗಾಗಿ, ಗ್ಯಾಸ್ಕೆಟ್ಟು ಸುಟ್ಟು, ಕಡೆಗೆ ಪಿಸ್ಟನ್ನುಗಳು ಹಿಡಿದುಕೊಳ್ಳುವುವು.

ಔಷಧಿಗಳ ಬಗೆಗಳು

ಈ ಔಷಧಿಗಳು ಮುಖ್ಯವಾಗಿ ಎರಡು ಬಗೆಯವು. ಮೊದಲನೆಯದರಲ್ಲಿ ಶುಂಠಿಯಂತಹ ಬೇರುಗಳ ಪುಡಿ, ನಾರು, ಲೋಹದ ಸಣ್ಣ ಚೂರು ಮೊದಲಾದುವು ಇರುವುವು. ಇವು ನೀರಿನೊಡನೆ ಸುತ್ತುತ್ತ, ಸೋರುವ ರಂಧ್ರದ ಬಳಿಗೆ ಬಂದಾಗ ಹೊರಹೋಗುವ ನೀರಿನೊಡನೆ ನುಗ್ಗಿ, ಅಲ್ಲಿಯೇ ಸಿಕ್ಕಿಕೊಂಡು ಬಿರಡೆಯಂತೆ ನಿಲ್ಲುವುವು. ಈ ಉಪಾಯವು ಕೇವಲ ಬಡವರ ಯುಕ್ತಿಯಲ್ಲ. 1958 ರಲ್ಲಿ ಅಮೆರಿಕಾ ದೇಶದ ಅಣುಶಕ್ತಿಯ ಜಲಾಂತರ್ಗಾಮಿಯಾದ ನಾಟಿಲಸ್ ಉತ್ತರ ಧ್ರುವಕ್ಕೆ ಹೊರಡುವುದಕ್ಕೆ ಮುಂಚೆ, ಅದರ ಕಂಡೆನ್ಸರಿನಲ್ಲಿ ಹತ್ತದ ಸೋರಿಕೆಯೊಂದಿತ್ತು. ನಾವಿಕರು ಸೀಯಾಟಲ್ ಪಟ್ಟಣದಲ್ಲಿ ಮೋಟಾರುಗಳಿಗೆ ಹಾಕುವ ಸೋರಿಕೆಯ ಔಷಧಿಯನ್ನೇ ಕೊಂಡು ಸುರಿದರು, ಸೋರಿಕೆ ನಿಂತಿತು, ಆ ವರ್ಷದ ಆಗಸ್ಟ್ 3 ನೆಯ ತಾರೀಖು ಹಡಗು ಮಂಜಿನ ಕೆಳಗೆ ಧ್ರುವವನ್ನು ಮುಟ್ಟಿತು.

ಎರಡನೆಯದು ಸೋಡಿಯಂ ಸಿಲಿಕೇಟ್ ಎಂಬ ದ್ರಾವಣ. ಹಿಂದಿನ ಕಾಲದಲ್ಲಿ ಕೋಳಿಮೊಟ್ಟೆಗಳನ್ನು ಕೆಡದಂತೆ ಅದ್ದಿಡುತ್ತಿದ್ದುದು ಇದರಲ್ಲಿಯೇ. ಹೆಚ್ಚಿನ ಶಾಖ ತಗಲಿದೆಡೆ ಇದರ ನೀರಿನಂಶವು ಆರಿ, ಗಾಜಿನಂತೆ ಗಟ್ಟಿಯಾಗಿ ಬಿರುಕನ್ನು ಮುಚ್ಚುವುದು. ಆದಕಾರಣ ಇದನ್ನು ಹೆಡ್ ಗ್ಯಾಸ್ಕೆಟ್ಟಿನ ಸಣ್ಣ ಸೋರಿಕೆಗೆ ಉಪಯೋಗಿಸುವರು. ಇದರ ಶಕ್ತಿಯೇ ಇದರ ಅಪಾಯ. 2009 ರಲ್ಲಿ ಅಮೆರಿಕಾ ಸರಕಾರವು ಹಳೆಯ ಕಾರುಗಳನ್ನು ಬಿಟ್ಟು ಹೊಸವನ್ನು ಕೊಳ್ಳುವವರಿಗೆ ಸಹಾಯಧನವನ್ನು ಕೊಟ್ಟಾಗ, ಹಳೆಯ ಎಂಜಿನ್ನುಗಳು ಮತ್ತೆ ಓಡದಂತೆ ಮಾಡಲು ಇದೇ ದ್ರಾವಣವನ್ನು ಗೊತ್ತುಮಾಡಿತ್ತು. ಎಂಜಿನ್ನಿನ ಆಯಿಲನ್ನು ತೆಗೆದು ಅದರ ಬದಲಾಗಿ ಇದನ್ನು ಹಾಕಿ ಓಡಿಸಿದರೆ, ಕೆಲವೇ ನಿಮಿಷಗಳಲ್ಲಿ ಎಂಜಿನ್ನು ಹಿಡಿದು ನಿಂತುಬಿಡುತ್ತಿದ್ದಿತು. ನೀರಿನ ದಾರಿಯಲ್ಲಿ ಔಷಧಿಯಾದುದು ಆಯಿಲಿನ ದಾರಿಯಲ್ಲಿ ವಿಷವಾಗುವುದೆಂಬುದಕ್ಕೆ ಇದಕ್ಕಿಂತಲೂ ಬೇರೆ ದೃಷ್ಟಾಂತ ಬೇಡ.

ಸೋರಿಕೆಯ ಸ್ಥಳವನ್ನು ಗೊತ್ತುಮಾಡುವುದು

ಆದುದರಿಂದ ಔಷಧಿಯನ್ನು ಕೊಳ್ಳುವುದಕ್ಕೆ ಮುಂಚೆ ಸೋರಿಕೆಯು ಎಲ್ಲಿರುವುದೆಂದು ನೋಡತಕ್ಕದ್ದು. ರಬ್ಬರು ಹೋಸು ಒಡೆದಿದ್ದರೆ ಹೊಸದನ್ನು ಹಾಕಿಸಬೇಕು. ಕ್ಲಿಪ್ಪು ಸಡಿಲವಾಗಿದ್ದರೆ ಬಿಗಿಸಿದರೆ ಸಾಕು. ನೀರಿನ ಪಂಪಿನ ಸೀಲು ಸವೆದಿದ್ದರೆ, ತಿರುಗುವ ಭಾಗವಾದ ಕಾರಣ ಔಷಧಿಯು ಅಲ್ಲಿ ನಿಲ್ಲಲಾರದು. ರೇಡಿಯೇಟರಿನ ಕೊಳವೆಯಲ್ಲಿ ಸೂಜಿಮೊನೆಯಷ್ಟು ರಂಧ್ರವಾಗಿ ತೊಟ್ಟಿಕ್ಕುತ್ತಿದ್ದರೆ ಮಾತ್ರ ಮೊದಲನೆಯ ಬಗೆಯ ಔಷಧಿಯು ಗುಣವನ್ನು ಕೊಡುವುದು.

ಹೊರಗೆ ಎಲ್ಲಿಯೂ ತೇವ ಕಾಣದೆ ನೀರು ಕಡಮೆಯಾಗುತ್ತಿದ್ದರೆ ಒಳಸೋರಿಕೆಯನ್ನು ಶಂಕಿಸಬೇಕು. ಎಂಜಿನ್ನು ಬಿಸಿಯಾದ ಮೇಲೆಯೂ ಸೈಲೆನ್ಸರಿನಿಂದ ಬಿಳಿಯ ಹಬೆ ಬರುವುದು, ರೇಡಿಯೇಟರಿನಲ್ಲಿ ಗುಳ್ಳೆಗಳೇಳುವುದು, ಆಯಿಲು ಹಾಲು ಬೆರೆತ ಕಾಫಿಯಂತಾಗುವುದು ಇದರ ಗುರುತುಗಳು. ಆಯಿಲಿನ ಬಣ್ಣ ಹೀಗೆ ಕೆಟ್ಟಿದ್ದರೆ ಯಾವ ಔಷಧಿಯನ್ನೂ ಹಾಕಕೂಡದು, ಗಾಡಿಯನ್ನು ಓಡಿಸಲೂ ಕೂಡದು. ಮೆಕ್ಯಾನಿಕ್ಕಿನಿಂದ ಹೆಡ್ಡನ್ನು ಬಿಚ್ಚಿಸಿ ನೋಡಿಸಬೇಕು.

ಉಪಯೋಗಿಸುವ ಕ್ರಮ

ಎಂಜಿನ್ನು ಪೂರ್ತಿಯಾಗಿ ತಣ್ಣಗಾದ ಮೇಲೆಯೇ ಮುಚ್ಚಳವನ್ನು ತೆಗೆಯಬೇಕು. ಬಿಸಿಯಿರುವಾಗ ತೆಗೆದರೆ ಕುದಿನೀರು ಚಿಮ್ಮಿ ಮುಖವನ್ನು ಸುಡುವುದು. ಒಳಗೆ ತುಕ್ಕಿನ ಕೆಸರಿದ್ದರೆ ಮೊದಲು ತೊಳೆಯಿಸಬೇಕು. ಔಷಧಿಯನ್ನು ಚೆನ್ನಾಗಿ ಕುಲುಕಿ, ಡಬ್ಬಿಯ ಮೇಲೆ ಹೇಳಿರುವ ಪ್ರಮಾಣವನ್ನು ಮೀರದೆ ಹಾಕಿ, ನೀರನ್ನು ತುಂಬಿ, ಬಿಸಿನೀರು ರೇಡಿಯೇಟರಿನಲ್ಲಿ ಹರಿಯುವವರೆಗೂ ಎಂಜಿನ್ನನ್ನು ನಡೆಸಬೇಕು. ಸಿಲಿಕೇಟಿನ ಔಷಧಿಯಾದರೆ, ಮೊದಲಿದ್ದ ಕೂಲೆಂಟನ್ನು ಪೂರ್ತಿಯಾಗಿ ತೆಗೆದು ಬರಿಯ ನೀರನ್ನು ತುಂಬಬೇಕೆಂದು ಅನೇಕ ಡಬ್ಬಿಗಳ ಮೇಲೆ ಹೇಳಿರುವುದು. ಎರಡೂ ಬೆರೆತರೆ ಗಂಜಿಯಂತೆ ಗಟ್ಟಿಕಟ್ಟುವ ಸಂಭವವುಂಟು. ಒಂದು ಡಬ್ಬಿಯಿಂದ ನಿಲ್ಲದ ಸೋರಿಕೆಗೆ ಎರಡನೆಯದನ್ನು ಸುರಿಯುವುದು ಅವಿವೇಕ. ರಂಧ್ರವನ್ನು ಮುಚ್ಚುವ ಪದಾರ್ಥವೇ ರೇಡಿಯೇಟರಿನ ಸಣ್ಣ ಕೊಳವೆಗಳನ್ನೂ ಮುಚ್ಚಿ, ಸೋರದ ಎಂಜಿನ್ನು ಕುದಿಯುವಂತೆ ಮಾಡುವುದು.

ನೀರಿನ ಗುಣವೂ ಗಮನಾರ್ಹವಾದುದು. ಕೊಳವೆ ಬಾವಿಯ ಗಡುಸು ನೀರು ಒಳಗೆ ಸುಣ್ಣದಂತಹ ಹಕ್ಕಳೆಯನ್ನು ಕಟ್ಟುವುದು. ಅದರ ಮೇಲೆ ಔಷಧಿಯೂ ಸೇರಿದರೆ ದಾರಿ ಮತ್ತಷ್ಟು ಕಿರಿದಾಗುವುದು. ಬಟ್ಟಿಯಿಳಿಸಿದ ನೀರಿನಲ್ಲಿ ಕೂಲೆಂಟನ್ನು ಬೆರಸಿ ಹಾಕುವುದು ಉತ್ತಮ. ಹೊರಕ್ಕೆ ತೆಗೆದ ಹಳೆಯ ಕೂಲೆಂಟನ್ನು ಅಂಗಳಕ್ಕಾಗಲಿ ಚರಂಡಿಗಾಗಲಿ ಚೆಲ್ಲಕೂಡದು. ಅದರಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ಎಂಬುದು ರುಚಿಗೆ ಸಿಹಿ, ಆದರೆ ವಿಷ. ನಾಯಿಯಾಗಲಿ ಕರುವಾಗಲಿ ನೆಕ್ಕಿದರೆ ಮೂತ್ರಪಿಂಡಗಳು ಕೆಟ್ಟು ಸಾಯಬಹುದು.

ಶಾಶ್ವತವಾದ ಪರಿಹಾರ

ಹಳೆಯ ಗಾಡಿಗಳ ಯಜಮಾನರಿಗೆ ಒಂದು ಅನುಕೂಲವುಂಟು. ಇತ್ತೀಚಿನ ಕಾರುಗಳ ರೇಡಿಯೇಟರುಗಳು ಹೆಚ್ಚಾಗಿ ಅಲ್ಯುಮಿನಿಯಂ ಮತ್ತು ಪ್ಲಾಸ್ಟಿಕ್ಕಿನವು. ಅವು ಸೋರಿದರೆ ಸಾಮಾನ್ಯವಾಗಿ ಬದಲಾಯಿಸುವುದೇ ದಾರಿ. ಹಳೆಯವು ತಾಮ್ರ ಹಿತ್ತಾಳೆಗಳವು. ಅವನ್ನು ಕಳಚಿ, ತೊಳೆದು, ಬೆಸುಗೆ ಹಾಕಿ ಮತ್ತೆ ಬಹುಕಾಲ ಬಳಸಬಹುದು. ಈ ಕೆಲಸವನ್ನು ಬಲ್ಲವರು ಹತ್ತಿರವಿರುವಾಗ ಔಷಧಿಯನ್ನು ನಂಬಿ ಕಾಲ ಕಳೆಯುವುದು ಯುಕ್ತವಲ್ಲ. ಡಬ್ಬಿಯೊಂದು ಗಾಡಿಯಲ್ಲಿರಲಿ, ಘಟ್ಟದ ನಡುವೆ ಅದರಿಂದ ಉಪಕಾರವಾದೀತು. ಆದರೆ ಊರು ಸೇರಿದ ಮಾರನೆಯ ದಿನವೇ ಗಾಡಿಯನ್ನು ರಿಪೇರಿಗೆ ಕಳುಹಿಸತಕ್ಕದ್ದು. ಸುಗ್ಗಿಯ ಕಾಲದಲ್ಲಿ ಒಂದು ದಿನದ ಕೆಲಸ ನಿಲ್ಲುವುದು ಕಷ್ಟವೇ ಸರಿ; ಎಂಜಿನ್ನು ಕೆಟ್ಟು ಸುಗ್ಗಿಯೆಲ್ಲ ಗಾಡಿಯಿಲ್ಲದೆ ಕಳೆಯುವುದು ಅದಕ್ಕಿಂತಲೂ ಕಷ್ಟ.