ಕೈಯ ನುಡಿ, ತಾಳದ ನಡೆ

ಮಗುವಿಗೆ ಮಾತು ಬರುವ ಮುನ್ನವೇ ಅದರ ಮನಸ್ಸಿನಲ್ಲಿ ಅರ್ಥ ಮೂಡತೊಡಗುತ್ತದೆ. ವರ್ಷ ತುಂಬದ ಕೂಸು ಬೇಕಾದ ವಸ್ತುವಿನತ್ತ ಬೆರಳು ಚಾಚುತ್ತದೆ. ಎತ್ತಿಕೊಳ್ಳೆಂದು ತೋಳು ನೀಡುತ್ತದೆ. ಹೊರಟವರತ್ತ ಕೈ ಬೀಸುತ್ತದೆ. ಉಸಿರು, ನಾಲಗೆ, ತುಟಿಗಳನ್ನು ಹೊಂದಿಸಿ ಒಂದು ಪದವನ್ನು ಸ್ಪಷ್ಟವಾಗಿ ನುಡಿಯುವುದು ಆ ವಯಸ್ಸಿಗೆ ಕಷ್ಟ. ಕೈಯನ್ನು ಆಡಿಸುವುದು ಸುಲಭ. ಈ ಸಹಜ ಗುಣವನ್ನು ಆಧರಿಸಿ, ಹಾಡಿನ ಜೊತೆಯಲ್ಲಿ ಹಸುಮಕ್ಕಳಿಗೆ ಸನ್ನೆಗಳನ್ನು ಕಲಿಸುವ ಪದ್ಧತಿಯು ಇಂದು ಹಲವು ದೇಶಗಳಲ್ಲಿ ರೂಢಿಯಲ್ಲಿದೆ.

ಸನ್ನೆ ಬೇರೆ, ಸಂಜ್ಞಾಭಾಷೆ ಬೇರೆ. ಕೈಬೀಸಿ ಕರೆಯುವುದು ಸನ್ನೆ. ಸಂಜ್ಞಾಭಾಷೆಯಾದರೋ ಕಿವುಡರ ಸಮುದಾಯದಲ್ಲಿ ಬೆಳೆದ ಪೂರ್ಣ ಭಾಷೆ. ಕೈಯ ಆಕಾರ, ಅದು ನಿಲ್ಲುವ ಸ್ಥಾನ, ಚಲನೆ, ಮುಖಭಾವ ಇವೆಲ್ಲವೂ ಅದರಲ್ಲಿ ಅರ್ಥವನ್ನು ನಿರ್ಧರಿಸುತ್ತವೆ. ಅದಕ್ಕೆ ತನ್ನದೇ ಆದ ವ್ಯಾಕರಣವುಂಟೆಂಬುದನ್ನು ಅಮೆರಿಕದ ವಿದ್ವಾಂಸ ವಿಲಿಯಂ ಸ್ಟೋಕೋ 1960ರಲ್ಲಿ ತೋರಿಸಿಕೊಟ್ಟನು. ಭಾರತೀಯ ಸಂಜ್ಞಾಭಾಷೆಯೂ ಇಂತಹುದೇ ಒಂದು ಸ್ವತಂತ್ರ ಭಾಷೆ.

ಹಸುಮಕ್ಕಳು 'ಬ ಬ', 'ದ ದ' ಎಂದು ತೊದಲುವುದನ್ನು ನಾವೆಲ್ಲರೂ ಕೇಳಿದ್ದೇವೆ. ಕೈಗಳೂ ಹೀಗೆ ತೊದಲುತ್ತವೆಯೆಂದರೆ ಆಶ್ಚರ್ಯವಾದೀತು. ಹುಟ್ಟಿನಿಂದಲೇ ಸಂಜ್ಞಾಭಾಷೆಯನ್ನು ಕಾಣುತ್ತ ಬೆಳೆದ ಕಿವುಡು ಮಕ್ಕಳು ಕೈಗಳಿಂದ ತೊದಲುವುದನ್ನು ಲಾರಾ ಆನ್ ಪೆಟಿಟ್ಟೊ ಮತ್ತು ಪೌಲಾ ಮರೆಂಟೆಟ್ 1991ರಲ್ಲಿ ಪ್ರಕಟಿಸಿದರು. ಪೆಟಿಟ್ಟೊ ಮತ್ತು ಸಂಗಡಿಗರು 2001ರಲ್ಲಿ ಇನ್ನೊಂದು ವಿಷಯವನ್ನು ಬೆಳಕಿಗೆ ತಂದರು. ಸಂಜ್ಞಾಭಾಷೆಯಾಡುವ ತಂದೆತಾಯಿಯರ ಮಕ್ಕಳಲ್ಲಿ ಈ ತೊದಲುಕೈಯ ಚಲನೆಯು ಸೆಕೆಂಡಿಗೆ ಸುಮಾರು ಒಂದಾವೃತ್ತಿಯಂತೆ ನಿಧಾನವಾಗಿ ಸಾಗುತ್ತದೆ. ಸುಮ್ಮನೆ ಕೈಯಾಡಿಸುವಾಗಿನ ವೇಗ ಅದಕ್ಕಿಂತ ಹೆಚ್ಚು. ಭಾಷೆಯು ಲಯದ ಮೂಲಕವೂ ಮಗುವನ್ನು ಮುಟ್ಟುತ್ತದೆಯೆಂದು ಇದರಿಂದ ತಿಳಿಯುತ್ತದೆ.

ಸಂಗೀತದ ಉಪಯೋಗವಿರುವುದು ಇಲ್ಲಿಯೇ. ಹಾಡು ಮಾತಿನ ವೇಗವನ್ನು ತಗ್ಗಿಸುತ್ತದೆ. ಒಂದೇ ಪದವನ್ನು ಮತ್ತೆ ಮತ್ತೆ ಅದೇ ಸ್ಥಳಕ್ಕೆ ತರುತ್ತದೆ. ತಾಯಿಯು ಮಗುವನ್ನು ಎದುರಿಗೆ ಕೂರಿಸಿಕೊಂಡು, ಪಲ್ಲವಿಯಲ್ಲಿ 'ಉಣ್ಣು' ಎಂಬ ಪದ ಬಂದಾಗಲೆಲ್ಲ ಬೆರಳುಗಳನ್ನು ಕೂಡಿಸಿ ಬಾಯಿಯ ಬಳಿಗೆ ಒಯ್ದಳೆನ್ನೋಣ. ಕೆಲವು ದಿನಗಳಲ್ಲಿ ಮಗು ಆ ಪದಕ್ಕಾಗಿ ಕಾಯತೊಡಗುತ್ತದೆ. ಆಗ ತಾಯಿ ಒಂದು ಕ್ಷಣ ತಡೆದರೆ ಮಗುವಿನ ಕೈಯೇ ಮುಂದಾಗಬಹುದು.

ಹುಬ್ಬಳ್ಳಿ-ಧಾರವಾಡದ ಜನರಿಗೆ ಕೈ ಮತ್ತು ಲಯಗಳ ಈ ನಂಟು ಅಪರಿಚಿತವಲ್ಲ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲರಂಥವರು ಬೆಳಗಿಸಿದ ನೆಲವಿದು. ಹಿಂದುಸ್ತಾನಿ ಸಂಗೀತದಲ್ಲಿ ತಾಳವನ್ನು ಕೈಯೇ ತೋರಿಸುತ್ತದೆ. 16 ಮಾತ್ರೆಗಳ ತೀನತಾಲದಲ್ಲಿ 1, 5, 13ನೆಯ ಮಾತ್ರೆಗಳಿಗೆ ಚಪ್ಪಾಳೆ. 9ನೆಯದಕ್ಕೆ ಚಪ್ಪಾಳೆಯಿಲ್ಲದ ಬೀಸು, ಅದೇ 'ಖಾಲಿ'. ಕಿವಿ ಕೇಳದವನೂ ಈ ಕೈಯನ್ನು ನೋಡಿ ತಾಳದ ನಡೆಯನ್ನು ಅರಿಯಬಲ್ಲನು. ತಬಲಾದ ನಾದವನ್ನು ಮುಟ್ಟಿಯೂ ತಿಳಿಯಬಹುದು; ಏಕೆಂದರೆ ನಾದವೆಂದರೆ ಕಂಪನವೇ. ಆದುದರಿಂದ ಕಿವುಡು ಮಗುವಿಗೆ ಸಂಗೀತವು ಸಂಪೂರ್ಣ ಮುಚ್ಚಿದ ಬಾಗಿಲಲ್ಲ.

ಆದರೆ ಈ ಪದ್ಧತಿಯ ಬಗೆಗೆ ಅತಿಯಾದ ಆಸೆಯೂ ಸಲ್ಲದು. ಕಿವಿ ಕೇಳುವ ಮಕ್ಕಳು ಸನ್ನೆ ಕಲಿತರೆ ಹೆಚ್ಚು ಬುದ್ಧಿವಂತರಾಗುವರೆಂಬ ಪ್ರಚಾರಕ್ಕೆ ದೃಢವಾದ ಆಧಾರವಿಲ್ಲ. ಇಂಗ್ಲೆಂಡಿನಲ್ಲಿ 40 ಮಕ್ಕಳನ್ನು ಎಂಟನೆಯ ತಿಂಗಳಿನಿಂದ ಇಪ್ಪತ್ತನೆಯ ತಿಂಗಳವರೆಗೆ ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸನ್ನೆ ಕಲಿತವರ ಭಾಷೆಯು ಉಳಿದವರಿಗಿಂತ ಮುಂದೆ ಹೋಗಿರಲಿಲ್ಲ. ಆದರೆ ಸನ್ನೆ ಬಳಸಿದ ತಾಯಂದಿರು ಮಗುವಿನ ಇಂಗಿತಕ್ಕೆ ಹೆಚ್ಚು ಸ್ಪಂದಿಸುತ್ತಿದ್ದರು.

ಕಿವುಡು ಮಗುವಿನ ಸಂಗತಿಯೇ ಬೇರೆ. ಅದಕ್ಕೆ ಸಂಜ್ಞೆಯು ಆಟವಲ್ಲ, ಭಾಷೆಯೇ ಆಗಿದೆ. ಕಿವುಡು ಮಕ್ಕಳಲ್ಲಿ ಹೆಚ್ಚಿನವರು ಕಿವಿ ಕೇಳುವ ತಂದೆತಾಯಿಯರಿಗೆ ಹುಟ್ಟುತ್ತಾರೆ. ಆ ತಂದೆತಾಯಿಯರಿಗೆ ಸಂಜ್ಞಾಭಾಷೆ ತಿಳಿದಿರುವುದಿಲ್ಲ. ಮೊದಲ ಕೆಲವು ವರ್ಷಗಳು ಯಾವ ಭಾಷೆಯೂ ಇಲ್ಲದೆ ಕಳೆದುಹೋದರೆ ಆ ನಷ್ಟವನ್ನು ಮುಂದೆ ತುಂಬುವುದು ಬಹು ಕಷ್ಟ. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಸೇರಿದ ಶಿಕ್ಷಕರ ಸಮ್ಮೇಳನವು ಕಿವುಡರ ಶಾಲೆಗಳಿಂದ ಸಂಜ್ಞಾಭಾಷೆಯನ್ನು ದೂರವಿಡಬೇಕೆಂದು ನಿರ್ಣಯಿಸಿತು. ಅನೇಕ ತಲೆಮಾರುಗಳ ಮಕ್ಕಳು ಇದರ ಫಲವನ್ನು ಉಂಡರು. 2010ರಲ್ಲಿ ವ್ಯಾಂಕೂವರಿನಲ್ಲಿ ನಡೆದ ಸಮ್ಮೇಳನವು ಆ ನಿರ್ಣಯವನ್ನು ತಿರಸ್ಕರಿಸಿ ವಿಷಾದವನ್ನು ವ್ಯಕ್ತಪಡಿಸಿತು.

ಆದುದರಿಂದ ಶಬ್ದಕ್ಕೆ ಮಗು ತಿರುಗಿ ನೋಡದಿದ್ದರೆ 'ಮುಂದೆ ಸರಿಹೋದೀತು' ಎಂದು ಕಾಯಬಾರದು. ಬೇಗನೆ ಪರೀಕ್ಷೆ ಮಾಡಿಸಬೇಕು. ಮೈಸೂರಿನಲ್ಲಿ 1960ರ ದಶಕದಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಧಾರವಾಡದಲ್ಲಿಯೂ ಜೆ.ಎಸ್.ಎಸ್. ವಾಕ್ ಶ್ರವಣ ಸಂಸ್ಥೆ ಇದೆ. ಸಂಜ್ಞಾಭಾಷೆಯ ಅಭಿವೃದ್ಧಿಗಾಗಿ 2015ರಲ್ಲಿ ದೆಹಲಿಯಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕೇಂದ್ರವು 10,000 ಪದಗಳ ನಿಘಂಟನ್ನು 2021ರಲ್ಲಿ ಹೊರತಂದಿತು. ಶ್ರವಣಯಂತ್ರ ತೊಡಿಸಿದರೂ ಸಂಜ್ಞೆಯನ್ನು ಬಿಡಬೇಕಾಗಿಲ್ಲ. ಎರಡು ದಾರಿಗಳೂ ಒಂದೇ ಊರಿಗೆ ಸೇರಬಲ್ಲವು.

ಮನೆಯಲ್ಲೊಂದು ಕಿವುಡು ಮಗುವಿದ್ದರೆ ಅಕ್ಕ, ಅಣ್ಣ, ಅಜ್ಜಿ ಎಲ್ಲರೂ ನಾಲ್ಕು ಸಂಜ್ಞೆಗಳನ್ನು ಕಲಿಯುವುದು ಅವಶ್ಯ. ಭಾಷೆಯನ್ನು ಒಬ್ಬರೇ ಕಲಿತು ಆಡಲಾಗದು. ಮಗುವಿನ ಕೈ ಮಾತನಾಡತೊಡಗಿದಾಗ ಅದನ್ನು ನೋಡಿ ಉತ್ತರಿಸುವ ಕೈಗಳು ಎದುರಿನಲ್ಲಿರಬೇಕು.