ಪೇಂಟಿನ ವಾಸನೆ ಆರುವ ಮುನ್ನ

ಮಯಾಮಿ ಬಂದರಿನಿಂದ ಹೊರಟ ಪ್ರವಾಸಿ ಹಡಗುಗಳು ಗವರ್ನಮೆಂಟ್ ಕಟ್ ಎಂಬ ಕಾಲುವೆಯನ್ನು ಹಾದು ಅಟ್ಲಾಂಟಿಕ್ ಸೇರುತ್ತವೆ. ಬಡಗಣ ದಂಡೆಯಲ್ಲಿ ಸೌತ್ ಪಾಯಿಂಟ್ ಉದ್ಯಾನ, ತೆಂಕಣದಲ್ಲಿ ಫಿಶರ್ ದ್ವೀಪ, ನಡುವೆ ಹಸಿರು ಮಿಶ್ರಿತ ನೀಲಿ ನೀರು. ಸಂಜೆಯಾದರೆ ಊರಿನವರು ಇಲ್ಲಿಗೆ ವಾಕಿಂಗ್ ಬರುತ್ತಾರೆ, ಗಾಳ ಹಾಕುತ್ತಾರೆ, ಹೋಗುವ ಹಡಗುಗಳಿಗೆ ಕೈ ಬೀಸುತ್ತಾರೆ. ಹಡಗು ಅವರಿಗೆ ಹೊಸ ನೋಟವಲ್ಲ. ಆದರೆ 2024ರ ಜನವರಿ 10ರಂದು ಮಯಾಮಿಗೆ ಬಂದ 'ಐಕಾನ್ ಆಫ್ ದಿ ಸೀಸ್' ಈ ಕಾಲುವೆಯಲ್ಲಿ ಸಾಗುವುದನ್ನು ನೋಡಬೇಕೆಂದರೆ ಕತ್ತು ಹಿಂದಕ್ಕೆ ಬಾಗಿಸಲೇಬೇಕು. ಇಪ್ಪತ್ತು ಡೆಕ್ಕುಗಳು ಒಂದರ ಮೇಲೊಂದು. ಮೂತಿಯ ಮೇಲೆ ಗಾಜಿನ ಗುಮ್ಮಟ, ನೆತ್ತಿಯ ಮೇಲೆ ಬಣ್ಣಬಣ್ಣದ ಜಾರುಕೊಳವೆಗಳ ಸುರುಳಿ. 365 ಮೀಟರು ಉದ್ದದ ಈ ಹಡಗನ್ನು ತುದಿಯಿಂದ ತುದಿಗೆ ನಡೆಯಲು ನಾಲ್ಕೈದು ನಿಮಿಷ ಬೇಕು.

ಅದು ಬಂದು ಸೇರಿದ ದಿನಕ್ಕೂ ಟಿಕೆಟ್ ಕೊಂಡವರ ಮೊದಲ ಯಾನ ಹೊರಟ ಜನವರಿ 27ಕ್ಕೂ ನಡುವೆ ಎರಡು ವಾರದ ಮೇಲೆ ಸ್ವಲ್ಪ ದಿನಗಳಿದ್ದವು. ಆ ದಿನಗಳಲ್ಲೇ ಮುನ್ನೋಟದ ಕಿರುಯಾನಗಳು ನಡೆದವು. ಪತ್ರಕರ್ತರು, ಟ್ರಾವೆಲ್ ಏಜೆಂಟರು, ಆಹ್ವಾನಿತರು ಒಂದೆರಡು ರಾತ್ರಿ ಉಳಿದು, ಉಂಡು, ಈಜಿ, ಜಾರಿ, ಇಳಿದು ಹೋಗುವ ಯಾನಗಳು. ಹಡಗಿನ ಕಂಪನಿಗೆ ಇದು ಪ್ರಚಾರ, ನಿಜ. ಆದರೆ ಅದಕ್ಕಿಂತ ದೊಡ್ಡ ಕೆಲಸವೊಂದು ಈ ಯಾನಗಳಲ್ಲಿ ನಡೆಯುತ್ತದೆ. ಉಕ್ಕು, ಗಾಜು, ತಂತಿಗಳ ರಾಶಿ ಮೊದಲ ಸಲ ಸಾವಿರಾರು ಹೊಟ್ಟೆಗಳಿಗೆ ಒಟ್ಟಿಗೆ ಊಟ ಹಾಕುತ್ತದೆ. ಲಿಫ್ಟುಗಳು ಮೊದಲ ಸಲ ತುಂಬಿ ಓಡುತ್ತವೆ. ಮೂರು ದಿನದ ಹಿಂದೆ ಮುಖವನ್ನೇ ನೋಡಿರದ ಇಬ್ಬರು ಸಿಬ್ಬಂದಿ ಒಂದೇ ತಟ್ಟೆಯ ಎರಡು ಬದಿ ಹಿಡಿಯುತ್ತಾರೆ. ಹಡಗೊಂದು ಹಡಗಾಗಲು ಕಲಿಯುವುದು ಇಲ್ಲಿ. ಪೂರ್ಣ ತಯಾರಾದ ಮೇಲೆ ಈ ನೋಟ ಯಾರಿಗೂ ಸಿಗುವುದಿಲ್ಲ.

ಈ ಹಡಗು ಹುಟ್ಟಿದ್ದು ಫಿನ್ಲೆಂಡಿನ ತುರ್ಕುವಿನಲ್ಲಿ, ಮೇಯರ್ ತುರ್ಕು ಹಡಗುಕಟ್ಟೆಯಲ್ಲಿ. 2021ರ ಜೂನಿನಲ್ಲಿ ಮೊದಲ ಉಕ್ಕಿನ ಹಾಳೆ ಕತ್ತರಿಸಿದರು, 2022ರ ಏಪ್ರಿಲಿನಲ್ಲಿ ತಳಗಟ್ಟು ಇಟ್ಟರು, 2023ರ ಬೇಸಿಗೆ ಮತ್ತು ಶರತ್ಕಾಲದಲ್ಲಿ ಬಾಲ್ಟಿಕ್ ಸಮುದ್ರದಲ್ಲಿ ಓಡಿಸಿ ಪರೀಕ್ಷಿಸಿದರು. ನವೆಂಬರ್ ಕೊನೆಗೆ ಹಡಗು ರಾಯಲ್ ಕೆರಿಬಿಯನ್ ಕಂಪನಿಯ ಕೈಸೇರಿತು. ಸ್ಪೇನಿನ ಕಾಡಿಜ್‌ನಲ್ಲಿ ಉಳಿದ ಕೆಲಸ ಮುಗಿಸಿಕೊಂಡು ಅಟ್ಲಾಂಟಿಕ್ ದಾಟಿ, ಪೋರ್ಟೊರಿಕೊದ ಪೊನ್ಸೆಯಲ್ಲಿ ತಂಗಿ ಮಯಾಮಿಗೆ ಬಂತು. ಇದರ ಒಟ್ಟು ಟನ್ನೇಜ್ 2,48,663. ಒಳಗಿನ ಜಾಗವನ್ನು ಅಳೆಯುವ ಈ ಲೆಕ್ಕದಲ್ಲಿ ಟೈಟಾನಿಕ್ 46,328 ಇತ್ತು. ಐದು ಟೈಟಾನಿಕ್‌ಗಳು ಇದರೊಳಗೆ ಹಿಡಿದು ಇನ್ನೂ ಜಾಗ ಮಿಗುತ್ತದೆ.

ಹತ್ತಿ ಒಳಗೆ ಕಾಲಿಟ್ಟರೆ ಎದುರಾಗುವುದು ರಾಯಲ್ ಪ್ರೊಮೆನೇಡ್ ಎಂಬ ಬೀದಿ. ಕಾಫಿ ಅಂಗಡಿ, ಪಿಯಾನೊ ಕೋಣೆ, ಪಿಜ್ಜಾ ಒಲೆ, ಬಟ್ಟೆ ಅಂಗಡಿಗಳ ಸಾಲು. ಹಿಂದಿನ ದೊಡ್ಡ ಹಡಗುಗಳಲ್ಲಿ ಇಂಥ ಬೀದಿ ಹಡಗಿನ ಹೊಟ್ಟೆಯೊಳಗೆ ಅಡಗಿರುತ್ತಿತ್ತು. ಎಷ್ಟು ನಡೆದರೂ ಕಡಲು ಕಾಣಿಸದು, ಮಾಲ್ ಒಂದರಲ್ಲಿ ಓಡಾಡಿದ ಹಾಗೆಯೇ. ಇಲ್ಲಿ ಗೋಡೆಯನ್ನು ಬಿಚ್ಚಿ ನೆಲದಿಂದ ಮಾಡಿನವರೆಗೆ ಗಾಜು ಹಾಕಿದ್ದಾರೆ. ಕಾಫಿ ಲೋಟ ಹಿಡಿದು ನಿಂತವರ ಬೆನ್ನ ಹಿಂದೆ ಅಲೆ ಸರಿಯುತ್ತದೆ. ಈ ಹಡಗಿನ ವಿನ್ಯಾಸಕಾರರು ಮಾಡಿದ ಅತ್ಯುತ್ತಮ ಕೆಲಸ ಇದೇ ಎಂದು ನನ್ನ ಎಣಿಕೆ. ಜಾರುಕೊಳವೆ ಯಾವ ಊರಿನಲ್ಲಾದರೂ ಸಿಕ್ಕೀತು. ಬೀದಿಯ ಕೊನೆಯಲ್ಲಿ ಕಡಲು ಇರುವುದು ಹಡಗಿನಲ್ಲಿ ಮಾತ್ರ.

ಬೀದಿಯ ನಡುವೆ 'ಪರ್ಲ್' ಎಂಬ ಭಾರೀ ಗೋಳ. ಒಳಮೈಯಲ್ಲಿ ಸಾವಿರಾರು ಸಣ್ಣ ಬಿಲ್ಲೆಗಳು ಮಗುಚಿ ಬಣ್ಣ ಬದಲಿಸುತ್ತವೆ. ಜನ ಮೆಟ್ಟಿಲೇರಿ ಗೋಳದೊಳಗಿಂದಲೇ ಮೇಲಿನ ಡೆಕ್ಕಿಗೆ ಹೋಗುತ್ತಾರೆ. ಅಲಂಕಾರಕ್ಕೆ ಇಟ್ಟದ್ದು ಎಂದು ಕಂಡರೂ ಅದು ಆಧಾರದ ಕೆಲಸವನ್ನೂ ಮಾಡುತ್ತದೆ. ಗಾಜಿಗಾಗಿ ಗೋಡೆಯನ್ನು ತೆರೆದಲ್ಲಿ ಮೇಲಿನ ಭಾರವನ್ನು ಹೊರಲು ಬೇರೇನೋ ಬೇಕಲ್ಲ, ಆ ಹೊರೆಯ ಪಾಲನ್ನು ಈ ಗೋಳವೂ ಹೊತ್ತಿದೆ. ಮುನ್ನೋಟದ ಯಾನಗಳಲ್ಲಿ ಹೆಚ್ಚು ಮೊಬೈಲುಗಳು ಮೇಲಕ್ಕೇಳುವುದು ಇದರ ಮುಂದೆ.

ಮೇಲಿನ ಡೆಕ್ಕುಗಳಲ್ಲಿ ನೀರಿನದೇ ರಾಜ್ಯ. ಏಳು ಈಜುಕೊಳ, ಆರು ಜಾರುಕೊಳವೆಗಳ ವಾಟರ್ ಪಾರ್ಕ್. 'ಕ್ರೌನ್ಸ್ ಎಡ್ಜ್' ಎಂಬಲ್ಲಿ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಹಡಗಿನ ಅಂಚಿನಾಚೆಗೆ ನಡೆಯಬೇಕು. ಕಾಲ ಕೆಳಗಿನ ಹಲಗೆ ತಟ್ಟನೆ ಸರಿದು, ಕಡಲಿಗಿಂತ 154 ಅಡಿ ಎತ್ತರದಲ್ಲಿ ಹಗ್ಗದ ಆಸರೆಯಲ್ಲಿ ತೂಗಾಡಿಸಿಬಿಡುತ್ತದೆ. ಚಿಕ್ಕ ಮಕ್ಕಳಿಗೆ ಸರ್ಫ್‌ಸೈಡ್ ಎಂಬ ಪ್ರತ್ಯೇಕ ಕೇರಿ. ಅಲ್ಲಿ ಕುದುರೆ ತಿರುಗಣೆ, ಆಳವಿಲ್ಲದ ಕೊಳ, ಮಕ್ಕಳನ್ನು ಕಾಯುವ ಅಪ್ಪ ಅಮ್ಮಂದಿರಿಗೆ ಅಲ್ಲೇ ಊಟದ ಜಾಗ. ಇಂಥ ಎಂಟು ಕೇರಿಗಳಾಗಿ ಹಡಗನ್ನು ಹಂಚಿದ್ದಾರೆ. ಇಷ್ಟು ಜನರನ್ನು ಚದುರಿಸಿ ಇಡಲು ಅದೇ ಉಪಾಯ. ಇಬ್ಬರಂತೆ ಲೆಕ್ಕ ಹಿಡಿದರೆ 2,805 ಕೋಣೆಗಳಲ್ಲಿ 5,610 ಮಂದಿ, ಹಾಸಿಗೆಯೆಲ್ಲ ತುಂಬಿದರೆ 7,600.

ಮೂತಿಯ ಮೇಲಿನ ಗುಮ್ಮಟದ ಹೆಸರು ಆಕ್ವಾಡೋಮ್. 363 ಟನ್ ಗಾಜು ಮತ್ತು ಉಕ್ಕಿನ ಈ ರಚನೆಯನ್ನು ಕೆಳಗೆ ಜೋಡಿಸಿ, ಇಡಿಯಾಗಿ ಎತ್ತಿ ಹಡಗಿನ ತಲೆಯ ಮೇಲೆ ಕೂರಿಸಿದರು. ಹಗಲಿನಲ್ಲಿ ಅದರೊಳಗೆ ಮೆತ್ತನೆಯ ಕುರ್ಚಿಗಳು, ಕಣ್ಣು ತುಂಬುವಷ್ಟು ದಿಗಂತ, ಮಾತಿನ ಸಣ್ಣ ಗುಂಯ್. ರಾತ್ರಿಯಾದರೆ ಅದೇ ಜಾಗ ರಂಗಮಂದಿರ. 55 ಅಡಿ ಎತ್ತರದಿಂದ ನೀರಿನ ತೆರೆ ಇಳಿಯುತ್ತದೆ, ಕೆಳಗಿನ ಕೊಳಕ್ಕೆ ಎತ್ತರದ ಹಲಗೆಯಿಂದ ಡೈವರುಗಳು ಧುಮುಕುತ್ತಾರೆ. ಧುಮುಕುವವರ ಧೈರ್ಯವನ್ನು ಸರಿಯಾಗಿ ಅರಿಯಬೇಕಾದರೆ ಒಂದು ಸಂಗತಿ ನೆನಪಿರಬೇಕು: ಕೊಳವಿರುವ ಹಡಗೂ ಆ ಹೊತ್ತಿಗೆ ಸಾಗುತ್ತಿರುತ್ತದೆ. ಗಾಳಿ, ವಾಲು, ಅಲೆ ಎಲ್ಲವನ್ನೂ ಮೈಯೊಳಗೆ ಲೆಕ್ಕ ಹಾಕಿಕೊಂಡೇ ಅವರು ಹಲಗೆ ಬಿಡಬೇಕು.

ಇನ್ನು ಕೆಳಗೆ. ಪ್ರಯಾಣಿಕರ ಕೋಣೆಗಳಿಗಿಂತ ಕೆಳಗೆ, ಹಡಗಿನ ಉದ್ದಕ್ಕೂ ಅಗಲವಾದ ಓಣಿಯೊಂದು ಓಡುತ್ತದೆ. ಅಮೆರಿಕದ ಪೂರ್ವ ಕರಾವಳಿಯ ಹೆದ್ದಾರಿಯ ಹೆಸರಿನಲ್ಲಿ ಇದನ್ನು ಹಡಗಿನ ಸಿಬ್ಬಂದಿ 'ಐ 95' ಎನ್ನುತ್ತಾರೆ. ಮೇಲಿನ ಡೆಕ್ಕುಗಳ ಬಣ್ಣ, ಸಂಗೀತ, ಸುವಾಸನೆ ಯಾವುದೂ ಇಲ್ಲಿಲ್ಲ. ಬಿಳಿ ಗೋಡೆ, ತಲೆಯ ಮೇಲೆ ಕೊಳವೆಗಳು, ನೋಟಿಸ್ ಬೋರ್ಡಿನಲ್ಲಿ ಡ್ರಿಲ್ಲಿನ ವೇಳೆ, ಗಾಡಿಯಲ್ಲಿ ತರಕಾರಿ, ಎದುರಿನಿಂದ ಒಗೆದ ಹಾಸುಬಟ್ಟೆಯ ಬೆಟ್ಟ. ಮೇಲಿನ ಆಟಕ್ಕೆ ಇದೇ ಚೌಕಿ. ವೇಷ ಕಟ್ಟುವುದೂ ಕಳಚುವುದೂ ಇಲ್ಲಿ. ಮೇಲಕ್ಕೆ ಹೋಗುವ ಬಾಗಿಲು ತೆರೆಯುವ ಮುನ್ನ ಅಂಗಿಯ ಗುಂಡಿ ಸರಿಮಾಡಿಕೊಂಡು, ಮುಖದಲ್ಲಿ ನಗು ತಂದುಕೊಂಡೇ ಹೋಗಬೇಕು.

ಈ ಹಡಗಿನ ಸಿಬ್ಬಂದಿ 2,350 ಮಂದಿ. ಇಂಥ ಹಡಗುಗಳಲ್ಲಿ ಫಿಲಿಪೀನ್ಸ್, ಇಂಡೋನೇಷ್ಯಾ, ಭಾರತದವರ ಸಂಖ್ಯೆ ಯಾವಾಗಲೂ ದೊಡ್ಡದು. ಭಾರತ ಎಂದರೆ ಮುಂಬೈ, ಗೋವಾ, ಕೇರಳ, ಜೊತೆಗೆ ನಮ್ಮ ಮಂಗಳೂರು, ಉಡುಪಿ, ಕಾರವಾರ. 'ಶಿಪ್ಪಿಗೆ ಹೋಗಿದ್ದಾನೆ' ಎಂಬ ಮಾತು ಕರಾವಳಿಯ ಮನೆಗಳಲ್ಲಿ ಎಷ್ಟು ಸಹಜ! ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ, ಸುರಕ್ಷತೆಯ ತರಬೇತಿ ಮುಗಿಸಿ, ನಾವಿಕರ ಸೇವಾದಾಖಲೆಯಾದ ಸಿಡಿಸಿ ಪುಸ್ತಕ ಮಾಡಿಸಿ, ವೈದ್ಯಕೀಯ ಪರೀಕ್ಷೆ ದಾಟಿ ಹೊರಟ ಹುಡುಗ ಆರರಿಂದ ಒಂಬತ್ತು ತಿಂಗಳ ಕಾಂಟ್ರಾಕ್ಟ್ ಮುಗಿಸಿ 'ಸೈನ್ ಆಫ್' ಆಗಿ ಬರುವವರೆಗೆ ಮನೆಯವರಿಗೆ ವಾಟ್ಸ್ಯಾಪ್ ಕರೆಯೇ ಗತಿ. ಊರಿನ ತೇರು, ತಂಗಿಯ ಮದುವೆ, ಎಲ್ಲವೂ ಕಾಂಟ್ರಾಕ್ಟಿನ ತಾರೀಖಿಗೆ ಹೊಂದಬೇಕು. ಹೊಸ ಹಡಗಿಗೆ ಸೈನ್ ಆನ್ ಆಗುವುದೆಂದರೆ ಅವರಿಗೆ ಇಮ್ಮಡಿ ಕೆಲಸ. ಹಳೆಯ ಹಡಗಿನಲ್ಲಿ ಹಿಂದಿನವನು ತೋರಿಸಿಕೊಡುತ್ತಾನೆ, ಯಾವ ಬಾಗಿಲು ಬಿಗಿ, ಯಾವ ಲಿಫ್ಟು ನಿಧಾನ, ಯಾವ ಒಲೆ ಬೇಗ ಕಾಯುತ್ತದೆ ಎಂದು. ಹೊಸ ಹಡಗಿನಲ್ಲಿ ಹಿಂದಿನವನು ಎಂಬುವನೇ ಇಲ್ಲ. ಪ್ರಯಾಣಿಕ ದಾರಿ ತಪ್ಪಿ ಬಂದು ಕೇಳಿದರೆ, ಕೇಳಿಸಿಕೊಂಡವನೂ ನಿನ್ನೆಯಷ್ಟೇ ಆ ದಾರಿ ಕಲಿತಿರುತ್ತಾನೆ. ಆದರೂ ಕೈತೋರಿಸಿ ಸುಮ್ಮನಾಗದೆ ತಿರುವಿನವರೆಗೆ ಜೊತೆಯಲ್ಲೇ ಬಂದು ಬಿಡುತ್ತಾನೆ.

ಮುನ್ನೋಟದ ಯಾನದಲ್ಲಿ ಕಣ್ಣಿಟ್ಟು ನೋಡಬೇಕಾದದ್ದು ಈ ಕಲಿಕೆಯನ್ನೇ. ಊಟದ ಸಾಲಿನಲ್ಲಿ ಎಲ್ಲಿ ಜನ ಗಂಟು ಕಟ್ಟುತ್ತಾರೆ ಎಂದು ಮೇಲ್ವಿಚಾರಕಿಯೊಬ್ಬಳು ಗೋಡೆಗೊರಗಿ ನಿಂತು ಗುರುತು ಹಾಕಿಕೊಳ್ಳುತ್ತಾಳೆ. ಮರುದಿನ ಬೆಳಿಗ್ಗೆ ತಟ್ಟೆಗಳ ರಾಶಿ ಎಡದಿಂದ ಬಲಕ್ಕೆ ಸರಿದಿರುತ್ತದೆ. ಅಷ್ಟಕ್ಕೇ ಸಾಲು ಕರಗುತ್ತದೆ. ಬಡಗಿಯೊಬ್ಬ ಮಂಡಿಯೂರಿ ಕಂಬಿಯ ಸ್ಕ್ರೂ ಬಿಗಿಯುತ್ತಿದ್ದರೆ, ಪಕ್ಕದಲ್ಲೇ ಮಗು ಐಸ್‌ಕ್ರೀಮ್ ತಿನ್ನುತ್ತ ನೋಡುತ್ತದೆ. ಕಾರ್ಪೆಟ್ಟಿನಲ್ಲಿ ಗೋಂದಿನ, ಬಾಗಿಲ ಚೌಕಟ್ಟಿನಲ್ಲಿ ಪೇಂಟಿನ ವಾಸನೆ ಇನ್ನೂ ಇದೆ. ಅಪಾಯದ ಸಂದರ್ಭದಲ್ಲಿ ಸೇರಬೇಕಾದ ಜಾಗವನ್ನು ಪ್ರತಿ ಪ್ರಯಾಣಿಕನೂ ಹುಡುಕಿಕೊಂಡು ಹೋಗಿ ಹಾಜರಿ ಹಾಕಬೇಕು. ಹಡಗು ಹೊರಡುವ ಮೊದಲಿನ ಈ ವಿಧಿಗೆ ಆಹ್ವಾನಿತರೆಂಬ ರಿಯಾಯಿತಿ ಇಲ್ಲ. ಟೈಟಾನಿಕ್ ದುರಂತದ ಬಳಿಕ 1914ರಲ್ಲಿ ರೂಪುಗೊಂಡ ಕಡಲ ಸುರಕ್ಷತೆಯ ಒಪ್ಪಂದದ ಮುಂದುವರಿಕೆ ಇದು.

ಹಡಗು ಹೊರಟು ಕಾಲುವೆ ದಾಟಿದ ಮೇಲೆ, ಬಂದರಿನ ದಾರಿ ತೋರಿಸಿದ ಪೈಲಟ್ ಇಳಿದು ತನ್ನ ಪುಟ್ಟ ದೋಣಿಗೆ ಹೋಗುತ್ತಾನೆ. ಮಯಾಮಿಯ ದೀಪಗಳು ಹಿಂದಕ್ಕೆ ಸರಿಯುತ್ತವೆ. ಇಷ್ಟು ದೊಡ್ಡದು ಇಷ್ಟು ಸದ್ದಿಲ್ಲದೆ ಚಲಿಸುವುದು ಹೇಗೆ ಎಂದು ಕೇಳಿದರೆ ಉತ್ತರ ನೀರಿನಡಿಯಲ್ಲಿದೆ. ಹಿಂಬದಿಯಲ್ಲಿ ತಿರುಗಬಲ್ಲ ಮೂರು ಚಾಲಕ ಘಟಕಗಳಿವೆ, ಅವೇ ತಳ್ಳುತ್ತವೆ, ಅವೇ ದಿಕ್ಕು ತಿರುಗಿಸುತ್ತವೆ. ಚುಕ್ಕಾಣಿಯ ಹಲಗೆ ಬೇಕಿಲ್ಲ. ತಳದಡಿಗೆ ಸಣ್ಣ ಗಾಳಿಗುಳ್ಳೆಗಳನ್ನು ಹರಡಿ ನೀರಿನ ಉಜ್ಜುವಿಕೆಯನ್ನು ತಗ್ಗಿಸುತ್ತಾರೆ. ಕುಡಿಯುವ ನೀರನ್ನು ಬಹುಪಾಲು ಕಡಲ ನೀರಿನಿಂದ ಹಡಗಿನಲ್ಲೇ ಮಾಡಿಕೊಳ್ಳುತ್ತಾರೆ.

ಆರು ಎಂಜಿನ್ನುಗಳು ದ್ರವೀಕೃತ ನೈಸರ್ಗಿಕ ಅನಿಲದಿಂದ ಓಡುತ್ತವೆ. ಈ ಮಾತು ಬಂದಾಗ ಕೇವಲ ಹೊಗಳಿ ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ. ಮಸಿ, ಗಂಧಕದ ಹೊಗೆ ಈ ಇಂಧನದಲ್ಲಿ ಬಹಳ ಕಡಿಮೆ, ಇಂಗಾಲದ ಡೈ ಆಕ್ಸೈಡ್ ಕೂಡ ಎಣ್ಣೆಗಿಂತ ಕಡಿಮೆ. ಆದರೆ ಉರಿಯದೆ ಉಳಿದ ಮೀಥೇನ್ ಹೊಗೆನಳಿಗೆಯಿಂದ ನುಸುಳುತ್ತದೆ. ಇಪ್ಪತ್ತು ವರ್ಷದ ಲೆಕ್ಕದಲ್ಲಿ ಮೀಥೇನ್ ಭೂಮಿಯನ್ನು ಇಂಗಾಲದ ಡೈ ಆಕ್ಸೈಡಿಗಿಂತ ಎಂಬತ್ತು ಪಟ್ಟು ಹೆಚ್ಚು ಬಿಸಿಮಾಡುತ್ತದೆ. ಸ್ವಚ್ಛ ಸಾರಿಗೆಯ ಅಂತರರಾಷ್ಟ್ರೀಯ ಮಂಡಳಿಯೊಂದು ಅದೇ 2024ರ ಜನವರಿಯಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹಡಗುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಈ ಬಗೆಯ ಎಂಜಿನ್ನುಗಳಲ್ಲಿ ಸರಾಸರಿ ಶೇ 6.4ರಷ್ಟು ಮೀಥೇನ್ ಹೀಗೆ ಸೋರುತ್ತದೆ. ಐರೋಪ್ಯ ಒಕ್ಕೂಟದ ನಿಯಮಗಳು ಶೇ 3.1 ಎಂದೇ ಹಿಡಿದಿದ್ದವು. ಇಷ್ಟು ಕಾಳಜಿಯಿಂದ ಕಟ್ಟಿದ ಹಡಗಿಗೆ ಇದಕ್ಕಿಂತ ಒಳ್ಳೆಯ ಇಂಧನ ಬೇಕು. ಕಡಲನ್ನು ನೋಡಲೆಂದು ಹೋಗುವವರು ಕಡಲಿಗೆ ಹೊರೆಯಾಗಬಾರದು.

ಬೆಳಗಾದಾಗ ಬಹಾಮಾಸ್. ಮಯಾಮಿಯಿಂದ ಹೊರಡುವ ಈ ಕಂಪನಿಯ ಕಿರುಯಾನಗಳು ಸಾಮಾನ್ಯವಾಗಿ ತಂಗುವುದು ಬೆರಿ ದ್ವೀಪಸಾಲಿನ ಕೋಕೊಕೇಯಲ್ಲಿ. ಕಂಪನಿಯೇ ಸಜ್ಜುಗೊಳಿಸಿದ ಪುಟ್ಟ ದ್ವೀಪ, 2019ರಿಂದ ಹಡಗು ನೇರ ಕಟ್ಟೆಗೇ ಬಂದು ನಿಲ್ಲುತ್ತದೆ. ಬಿಳಿ ಮರಳು, ತೆಳು ನೀಲಿ ನೀರು, ಮತ್ತೆ ಜಾರುಬಂಡೆ. ಚೆಂದವಿದೆ. ಆದರೆ ಅಲ್ಲಿಗೆ ಹೋದವರು ನೋಡಬೇಕಾದ ನೋಟ ಕಟ್ಟೆಯ ತುದಿಯಲ್ಲಿ ನಿಂತು ತಿರುಗಿ ನೋಡಿದಾಗ ಸಿಗುತ್ತದೆ. ಒಳಗಿದ್ದಾಗ ಅರ್ಥವಾಗದ ಗಾತ್ರ ಅಲ್ಲಿ ಒಂದೇ ಏಟಿಗೆ ಅರ್ಥವಾಗುತ್ತದೆ. ದ್ವೀಪದ ಗಿಡಮರಗಳೆಲ್ಲ ಹಡಗಿನ ಮೊದಲ ಕೆಲವು ಡೆಕ್ಕುಗಳಷ್ಟೂ ಎತ್ತರವಿಲ್ಲ.

ಜನವರಿ 23ರಂದು ಮಯಾಮಿಯಲ್ಲಿ ನಾಮಕರಣವಾಯಿತು. ಫುಟ್‌ಬಾಲ್ ಆಟಗಾರ ಲಿಯೊನೆಲ್ ಮೆಸ್ಸಿ ಚೆಂಡೊಂದನ್ನು ಪೀಠದ ಮೇಲಿಟ್ಟು, ಶಾಂಪೇನ್ ಬಾಟಲಿ ಹಡಗಿನ ಮೈಗೆ ಬಡಿಯುವಂತೆ ಮಾಡಿದರು. ನಾಲ್ಕು ದಿನ ಕಳೆದು ಏಳು ರಾತ್ರಿಗಳ ಮೊದಲ ಪೂರ್ಣಯಾನ ಹೊರಟಿತು. ಅಲ್ಲಿಂದ ಮುಂದೆ ವಾರಕ್ಕೊಮ್ಮೆ, ಒಂದೇ ಹಗಲಿನಲ್ಲಿ ಸಾವಿರಾರು ಜನ ಇಳಿದು ಸಾವಿರಾರು ಜನ ಹತ್ತುವ, ಅಷ್ಟೂ ಹಾಸಿಗೆಗಳ ಬಟ್ಟೆ ಬದಲಾಗುವ ದಿನಚರಿ.

ಎಲ್ಲವೂ ನಯವಾಗಿ ನಡೆಯಬೇಕು ಎನ್ನುವವರು ಯಾವುದೇ ಹೊಸ ಹಡಗು ಹೊರಟ ಮೇಲೆ ಕೆಲವು ತಿಂಗಳು ಕಾಯುವುದು ಒಳ್ಳೆಯದು. ಅದು ನಡೆಯಲು ಕಲಿಯುವುದನ್ನು ನೋಡುವ ಆಸೆಯಿದ್ದರೆ ಮೊದಲ ಯಾನಗಳಿಗೇ ಹೋಗಿ. ಭಾರತದ ಪಾಸ್‌ಪೋರ್ಟ್ ಇರುವವರು ಅಮೆರಿಕದಿಂದ ಹೊರಟು ಮತ್ತೆ ಅಲ್ಲಿಗೇ ಮರಳುವುದರಿಂದ ವೀಸಾ ಒಂದಕ್ಕಿಂತ ಹೆಚ್ಚು ಸಲ ಪ್ರವೇಶ ಕೊಡುವಂಥದ್ದೇ ಎಂದು ಮೊದಲೇ ನೋಡಿಕೊಳ್ಳಿ. ಕೋಣೆ ಗುಡಿಸುವವರ, ಊಟ ಬಡಿಸುವವರ ಎದೆಯ ಮೇಲಿನ ಬಿಲ್ಲೆಯಲ್ಲಿ ಹೆಸರಿರುತ್ತದೆ. ಅದನ್ನು ಓದಿ, ಊರು ಕೇಳಿ, ಕರಾವಳಿಯವರಾದರೆ ಕನ್ನಡದಲ್ಲೋ ತುಳುವಿನಲ್ಲೋ ಕೊಂಕಣಿಯಲ್ಲೋ ಎರಡು ಮಾತಾಡಿ. ಯಾನ ಮುಗಿದಾಗ ಕಂಪನಿ ಕಳಿಸುವ ಅಭಿಪ್ರಾಯದ ಫಾರಂನಲ್ಲಿ ಆ ಹೆಸರನ್ನು ತಪ್ಪದೆ ಬರೆಯಿರಿ. ಮುಂದಿನ ಕಾಂಟ್ರಾಕ್ಟಿನ ಹೊತ್ತಿಗೆ ಅದು ಅವರ ನೆರವಿಗೆ ಬರುತ್ತದೆ.