ಗೋಡೆಯಾಚೆಯ ಓಡಾಟ ವೈ-ಫೈಗೆ ತಿಳಿಯುತ್ತದೆಯೇ?

ಪ್ರಶ್ನೆ: ಕ್ಯಾಮೆರಾ ಇಲ್ಲದೆ, ಬರೀ ವೈ-ಫೈನಿಂದ ಮನೆಯಲ್ಲಿ ಯಾರು ಓಡಾಡುತ್ತಿದ್ದಾರೆಂದು ಗೊತ್ತಾಗುತ್ತದೆಯೇ?

ಉತ್ತರ: ಯಾರೋ ಓಡಾಡುತ್ತಿದ್ದಾರೆ ಎಂಬುದು ಗೊತ್ತಾಗುತ್ತದೆ, ಅದು ಯಾರೆಂದು ಹೇಳುವುದು ಬಹಳ ಕಷ್ಟ. ರೂಟರ್ ಹೊಮ್ಮಿಸುವ 2.4 ಗಿಗಾಹರ್ಟ್ಸ್ ತರಂಗದ ಉದ್ದ ಸುಮಾರು 12 ಸೆಂಟಿಮೀಟರ್. ಅದು ಫೋನನ್ನು ನೇರವಾಗಿಯೂ ತಲುಪುತ್ತದೆ, ಗೋಡೆ, ಬೀರುಗಳಿಗೆ ಬಡಿದು ಸುತ್ತುಬಳಸಿಯೂ ತಲುಪುತ್ತದೆ. ನೀರಿನಂಶ ಹೆಚ್ಚಿರುವ ನಮ್ಮ ದೇಹವೂ ಅದನ್ನು ಪ್ರತಿಫಲಿಸುತ್ತದೆ. ನೀವು ರೂಟರಿನತ್ತ ಮೂರೇ ಸೆಂಟಿಮೀಟರ್ ಸರಿದರೂ ನಿಮಗೆ ಬಡಿದು ಸಾಗುವ ತರಂಗದ ದಾರಿ ಆರು ಸೆಂಟಿಮೀಟರಿನವರೆಗೆ, ಅಂದರೆ ಅರ್ಧ ತರಂಗದಷ್ಟು, ತಗ್ಗಬಹುದು. ಆಗ ಒಂದು ದಾರಿಯಲ್ಲಿ ಬಂದ ತರಂಗದ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಬಿದ್ದು ಸಂಕೇತ ಏರುಪೇರಾಗುತ್ತದೆ. ಇಂಥ ಪ್ರತಿಫಲನಗಳಿಂದಲೇ ಗೋಡೆಯಾಚೆಯ ಚಲನೆಯನ್ನು ಪತ್ತೆಹಚ್ಚಬಹುದೆಂದು ಅಮೆರಿಕದ ಎಂಐಟಿಯ ಫಾದೆಲ್ ಅದೀಬ್ ಮತ್ತು ದೀನಾ ಕತಾಬಿ 2013ರಲ್ಲಿ ತೋರಿಸಿದರು.

ಫ್ಯಾನ್ ಸದಾ ತಿರುಗುವ ನಮ್ಮ ಮನೆಗಳಲ್ಲಿ ಇದು ನಡೆದೀತೇ ಎಂಬ ಆಕ್ಷೇಪ ಸಹಜ. ಫ್ಯಾನಿನ ಚಲನೆ ಒಂದೇ ಲಯದ್ದಾದ್ದರಿಂದ ತಂತ್ರಾಂಶ ಅದನ್ನು ಬಹುಮಟ್ಟಿಗೆ ಬೇರ್ಪಡಿಸಬಲ್ಲದು. ಬೆಕ್ಕು, ನಾಯಿ ಮಾತ್ರ ನಿಜಕ್ಕೂ ದಾರಿ ತಪ್ಪಿಸುತ್ತವೆ. ‘ಚಿತ್ರವೇ ಇಲ್ಲವಲ್ಲ, ಖಾಸಗಿತನಕ್ಕೇನು ಧಕ್ಕೆ?’ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಮನೆ ಯಾವಾಗ ಖಾಲಿ, ನಿದ್ದೆ ಎಷ್ಟು ಹೊತ್ತಿಗೆ ಎಂಬ ಮಾಹಿತಿಯೇ ಕಳ್ಳನಿಗೆ ಸಾಕು. ಆದರೂ ಒಂಟಿಯಾಗಿರುವ ಹಿರಿಯರು ಬಚ್ಚಲಲ್ಲಿ ಜಾರಿಬಿದ್ದುದನ್ನು ತಿಳಿಯಲು ಅಲ್ಲಿ ಕ್ಯಾಮೆರಾ ಇಡಲಾಗದು. ಈ ತಂತ್ರ ಅಲ್ಲಿ ನೆರವಾಗಬಲ್ಲದು. ವೈ-ಫೈ ಸಂವೇದನೆಗೆಂದೇ 802.11ಬಿಎಫ್ ಎಂಬ ಮಾನದಂಡ 2025ರಲ್ಲಿ ಸಿದ್ಧವಾಗಿದೆ. ಹೊಸ ರೂಟರ್ ಕೊಳ್ಳುವಾಗ ಚಲನೆ ಗುರುತಿಸುವ ಸೌಲಭ್ಯವಿದೆಯೇ, ಮಾಹಿತಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಬೇಡವಾದರೆ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ.